ಒಂದು ಪುಸ್ತಕ, ಎಷ್ಟು ಕೈ?



ಶಿವಾಜಿನಗರದಲ್ಲಿ ಓದಿದ ಕನ್ನಡಿಗರಲ್ಲಿ ನಿಮಗೆ ಮೊದಲು ನೆನಪಾಗುವ ಹೆಸರು ಯಾವುದು? ಬೇಂದ್ರೆ ಅನ್ನುತ್ತೀರಿ. ಸರಿಯೇ. 1913ರಲ್ಲಿ ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿ, ಚಿಕ್ಕಪ್ಪನ ನೆರವಿನಿಂದ ಪುಣೆಗೆ ಬಂದು, 1918ರಲ್ಲಿ ಫರ್ಗ್ಯುಸನ್ ಕಾಲೇಜಿನಿಂದ ಬಿ.ಎ. ಮಾಡಿಕೊಂಡವರು ನಮ್ಮ ವರಕವಿ. ಆದರೆ ಅವರಿಗಿಂತ ಮೂವತ್ತು ವರ್ಷ ಮೊದಲೇ ಇಲ್ಲಿಗೆ ಮುದ್ದೇನಹಳ್ಳಿಯ ಒಬ್ಬ ಹುಡುಗ ಬಂದಿದ್ದ. ಆಗ ಈ ಭಾಗಕ್ಕೆ ಶಿವಾಜಿನಗರ ಅನ್ನುವ ಹೆಸರು ಇರಲಿಲ್ಲ, ಭಾಂಬುರ್ಡಾ ಅನ್ನುತ್ತಿದ್ದರು. ಮುಳಾ-ಮುಠಾ ಸಂಗಮದ ಹತ್ತಿರದ ಸೈನ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, 1883ರ ಪರೀಕ್ಷೆಯಲ್ಲಿ ಇಡೀ ಮುಂಬಯಿ ಪ್ರಾಂತ್ಯಕ್ಕೆ ಮೊದಲಿಗನಾದ. ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಆ ಕಾಲೇಜೇ ಮುಂದೆ ಎಲ್ಲರ ಬಾಯಲ್ಲಿ ಸಿಒಇಪಿ ಆಯಿತು. 2022ರಿಂದ ಅದು ಸ್ವತಂತ್ರ ತಾಂತ್ರಿಕ ವಿಶ್ವವಿದ್ಯಾಲಯ.

ಸರ್ ಎಂ.ವಿ.ಯವರ ಜೀವನ ಚರಿತ್ರೆ ಹೇಳುವುದು ನನ್ನ ಉದ್ದೇಶವಲ್ಲ, ಗಾಬರಿ ಬೇಡ. ಜೂನ್ ಬಂತೆಂದರೆ ನಮ್ಮ ಮನೆಗಳಲ್ಲಿ ಏಳುವ ಒಂದು ಮಾತಿದೆಯಲ್ಲ, "ಫೀ ಕಟ್ಟಿದ್ದಾಯ್ತು, ಇನ್ನು ಪುಸ್ತಕಕ್ಕೆ ಎಷ್ಟಪ್ಪಾ?" ಅಂತ, ಆ ಮಾತಿನ ಇತಿಹಾಸ ಹೇಳಬೇಕಿದೆ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಓದುವಾಗ ಒಂದು ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು ತಮ್ಮ ಖರ್ಚು ನೀಗಿಸಿಕೊಂಡವರು. 1881ರಲ್ಲಿ ಬಿ.ಎ. ಆಯಿತು. ಎಂಜಿನಿಯರಿಂಗ್ ಓದಬೇಕೆಂದರೆ ಮೈಸೂರು ಸೀಮೆಯಲ್ಲಿ ಕಾಲೇಜಿಲ್ಲ. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು, ಪುಣೆಗೆ ಬಂದರು. ಆ ವೇತನ ಸಿಕ್ಕಿರದಿದ್ದರೆ ಕನ್ನಂಬಾಡಿ ಕಟ್ಟೆಯ ಕಥೆ ಹೇಗಿರುತ್ತಿತ್ತೋ, ನೀವೇ ಊಹಿಸಿ.

ಆ ಕಾಲದ ಕಾಲೇಜು ಪುಸ್ತಕ ಅಂದರೆ ಬಹುಪಾಲು ಇಂಗ್ಲೆಂಡಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬಂದದ್ದು. ರೂರ್ಕಿಯ ಥಾಮ್ಸನ್ ಕಾಲೇಜಿನಂಥ ಒಂದೆರಡು ಕಡೆ ಸ್ವಂತ ಮುದ್ರಣಾಲಯ ಇಟ್ಟುಕೊಂಡು ಸಿವಿಲ್ ಎಂಜಿನಿಯರಿಂಗ್ ಪಠ್ಯಗಳನ್ನು ಇಲ್ಲೇ ಅಚ್ಚು ಹಾಕುತ್ತಿದ್ದರು. ಉಳಿದಂತೆ ವಿಲಾಯತಿ ಬೆಲೆ. ಹಾಗಾದರೆ ಬಡ ಹುಡುಗರು ಏನು ಮಾಡುತ್ತಿದ್ದರು? ನಿಮ್ಮ ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜ ಇದ್ದರೆ ಕೇಳಿ ನೋಡಿ. ವಾರಾನ್ನ ಅನ್ನುವ ಪದ ಅವರಿಗೆ ಗೊತ್ತಿರುತ್ತದೆ. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ, ಹೀಗೆ ಏಳು ದಿನಕ್ಕೆ ಏಳು ಮನೆ. ಮರಾಠಿಯಲ್ಲೂ ಇದೇ ಪದ್ಧತಿ, ವಾರ ಹಚ್ಚುವುದು ಅನ್ನುತ್ತಾರೆ. ಪುಸ್ತಕದ್ದೂ ಹೆಚ್ಚುಕಡಿಮೆ ಅದೇ ಲೆಕ್ಕ. ಒಬ್ಬನ ಬಳಿ ಇದ್ದ ಪುಸ್ತಕ ಸರದಿ ಮೇಲೆ ನಾಲ್ಕು ಕೋಣೆ ಸುತ್ತುತ್ತಿತ್ತು. ಕೈಗೆ ಬಂದ ರಾತ್ರಿಯೇ ಬೇಕಾದ ಅಧ್ಯಾಯವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬೇಕು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ವಾರಾನ್ನದ ಏಳು ಮನೆ ಸಿಗುತ್ತಿದ್ದದ್ದು ಜಾತಿಯ ನಂಟಿನಿಂದ. ಆ ನಂಟು ಇಲ್ಲದ ಹುಡುಗನಿಗೆ ಊಟವೂ ಇಲ್ಲ, ಎರವಲು ಪುಸ್ತಕವೂ ಇಲ್ಲ. ವಿಶ್ವೇಶ್ವರಯ್ಯನವರು ಇಲ್ಲಿ ಓದುತ್ತಿದ್ದ 1882ರಲ್ಲೇ ಇದೇ ಪುಣೆಯಿಂದ ಜ್ಯೋತಿಬಾ ಫುಲೆಯವರು ಹಂಟರ್ ಆಯೋಗಕ್ಕೆ ಮನವಿ ಕೊಟ್ಟರು. ಸರ್ಕಾರದ ಶಿಕ್ಷಣದ ಹಣ ಮೇಲಿನವರಿಗೇ ಹೋಗುತ್ತಿದೆ, ಓದು ಇನ್ನೂ ಮುಟ್ಟದ ಸಮುದಾಯಗಳ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಿ ಎಂಬುದು ಅದರಲ್ಲಿನ ಮುಖ್ಯ ಬೇಡಿಕೆಗಳಲ್ಲಿ ಒಂದು. ಅವರು ಸುಮ್ಮನೆ ಹೇಳಿದ್ದಲ್ಲ. ಪುಣೆಯಲ್ಲಿ ವಿದ್ಯೆಗೆಂದು ಎತ್ತಿಟ್ಟ ಹಣಕ್ಕೆ ಹಳೆಯ ಕಥೆಯೇ ಇದೆ. ಪೇಶ್ವೆಗಳ ಕಾಲದಲ್ಲಿ ವಿದ್ವಾಂಸ ಬ್ರಾಹ್ಮಣರಿಗೆ ವರ್ಷವರ್ಷ ಹಂಚುತ್ತಿದ್ದ ದಕ್ಷಿಣೆ ಬ್ರಿಟಿಷರ ಕೈಗೆ ಬಂದ ಮೇಲೆ, ಅದರ ಒಂದು ಪಾಲು 1821ರ ಸಂಸ್ಕೃತ ಪಾಠಶಾಲೆಗೆ ಹೋಯಿತು. ಹತ್ತೊಂಬತ್ತನೇ ಶತಮಾನದ ಮಧ್ಯದ ಹೊತ್ತಿಗೆ ಇನ್ನೊಂದು ಪಾಲು ಮರಾಠಿಯಲ್ಲಿ ಒಳ್ಳೆಯ ಪುಸ್ತಕ ಬರೆದವರಿಗೆ ಬಹುಮಾನವಾಗತೊಡಗಿತು. ಹಣ ಯಾರ ಕೈಗೆ ಹೋಗಬೇಕು, ಪಂಡಿತರಿಗೋ ಪುಸ್ತಕಕ್ಕೋ ಅಂತ ಆಗ ಈ ಊರಿನಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. ಫುಲೆಯವರು ಪುಸ್ತಕದ ಪರ ನಿಂತವರು.

ಉತ್ತರ ಕರ್ನಾಟಕದವರಿಗಂತೂ ಪುಣೆ ಬಿಟ್ಟರೆ ಗತಿಯಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲ ಮುಂಬಯಿ ಪ್ರಾಂತ್ಯ. ಧಾರವಾಡದ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅಲ್ಲಿಯವರೆಗೆ ಬಿ.ಎ. ಬೇಕೆಂದವರು ಪುಣೆ, ಮುಂಬಯಿ ಅಂತ ಗಂಟುಮೂಟೆ ಕಟ್ಟಬೇಕು. ಕರ್ನಾಟಕ ಏಕೀಕರಣದ ಆಲೂರ ವೆಂಕಟರಾಯರು ಫರ್ಗ್ಯುಸನ್‌ನಲ್ಲಿ ಬಿ.ಎ. ಮಾಡಿದ್ದು 1903ರಲ್ಲಿ. ಹೀಗೆ ದೂರ ಹೋಗುವ ಮಕ್ಕಳಿಗೆ ದುಡ್ಡು ಕೂಡಿಸಲೆಂದೇ ಸಮಾಜದ ಹಿರಿಯರು ಕೈಹಚ್ಚಿದರು. ಧಾರವಾಡದಲ್ಲಿ 1883ರಲ್ಲಿ ಲಿಂಗಾಯತ ಸಮಾಜದವರು ಕಟ್ಟಿದ ಶಿಕ್ಷಣ ನಿಧಿ ಅಂಥದ್ದು. ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯಲ್ಲಿ ಮೇಷ್ಟರುಗಳು ತಿಂಗಳಿಗೆ 75 ರೂಪಾಯಿಯ ಸಂಬಳಕ್ಕೆ ಇಪ್ಪತ್ತು ವರ್ಷ ದುಡಿಯುವ ಆಜೀವ ಸದಸ್ಯರಾಗುತ್ತಿದ್ದರಲ್ಲ, ಆ ಮಾದರಿಯನ್ನೇ ನೋಡಿಕೊಂಡು 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣ ಮೇಷ್ಟರು ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಇತ್ತ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದದ್ದೂ 1917ರಲ್ಲೇ. ತೆರೆಸಿದವರು ಪುಣೆಯಲ್ಲಿ ವಿದ್ಯಾರ್ಥಿವೇತನದ ಮೇಲೆ ಓದಿ ಬಂದ ಅದೇ ದಿವಾನರು.

ಅಂದ ಹಾಗೆ ಪುಸ್ತಕದ ಖರ್ಚು ಇಳಿಸಲು ಪುಣೆಯ ಮೇಷ್ಟರುಗಳು ಕಂಡುಕೊಂಡ ದಾರಿ ಸರಳವಾದದ್ದು. ತಾವೇ ಪುಸ್ತಕ ಬರೆದರು. ಗೋಪಾಲಕೃಷ್ಣ ಗೋಖಲೆಯವರು ದೇಶದ ದೊಡ್ಡ ಮುಂದಾಳು ಆಗುವ ಮುನ್ನ ಲೆಕ್ಕದ ಮೇಷ್ಟರಾಗಿದ್ದರು. ಅವರ ಅಂಕಗಣಿತದ ಪುಸ್ತಕ ಶಾಲೆಗಳಲ್ಲಿ ದಶಕಗಟ್ಟಲೆ ಓಡಿತು. ದಶಕಗಟ್ಟಲೆ ಅನ್ನುವುದನ್ನು ದಯವಿಟ್ಟು ಗಮನಿಸಿ. ಅಣ್ಣ ಓದಿದ ಪುಸ್ತಕ ತಮ್ಮನಿಗೆ, ತಮ್ಮನದು ಪಕ್ಕದ ಮನೆಯ ಹುಡುಗನಿಗೆ. ಪುಸ್ತಕ ಹತ್ತು ವರ್ಷ ಬಾಳಿದರೆ ಅದರ ಬೆಲೆ ಹತ್ತು ಜನರ ನಡುವೆ ಹಂಚಿಹೋಗುತ್ತದೆ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಇಷ್ಟೇ: ಪುಸ್ತಕ ಅಗ್ಗವೋ ತುಟ್ಟಿಯೋ ಎಂಬುದನ್ನು ಹಿಂಬದಿಯ ರಕ್ಷಾಪುಟದಲ್ಲಿ ಅಚ್ಚಾದ ಬೆಲೆಗಿಂತ ಅದು ಎಷ್ಟು ಕೈ ದಾಟುತ್ತದೆ ಎಂಬುದು ತೀರ್ಮಾನಿಸುತ್ತದೆ.

1909ರಲ್ಲಿ ಅನಾಥ ವಿದ್ಯಾರ್ಥಿ ಗೃಹ ಅಂತ ಶುರುವಾದ ಸಂಸ್ಥೆ ಈಗಿನ ಪುಣೆ ವಿದ್ಯಾರ್ಥಿ ಗೃಹ. ಬಡ ಹುಡುಗರಿಗೆ ಊಟ, ವಸತಿ ಕೊಡುತ್ತಲೇ ಮುದ್ರಣಾಲಯ, ಪ್ರಕಾಶನ ಎರಡನ್ನೂ ನಡೆಸಿದ ಸಂಸ್ಥೆ ಅದು. 1955ರಲ್ಲಿ ಅಚ್ಯುತರಾವ್ ಆಪಟೆಯವರು ಶುರು ಮಾಡಿದ ವಿದ್ಯಾರ್ಥಿ ಸಹಾಯಕ ಸಮಿತಿಯೂ ಹಳ್ಳಿಯಿಂದ ಬಂದ ಮಕ್ಕಳಿಗೆ ಇರಲು ಜಾಗ ಕೊಟ್ಟು, ದುಡಿದು ಓದುವ ದಾರಿ ತೋರಿಸಿತು. ಶಿವಾಜಿನಗರದ ಸುತ್ತಮುತ್ತ ಓದಿದ ಎಷ್ಟೋ ಜನ ಇಂಥ ಕಡೆಗಳಿಂದ ಬಂದವರು.

ಸ್ವಾತಂತ್ರ್ಯ ಬಂದ ಮೇಲೆ ಕಥೆಗೆ ಹೊರದೇಶದವರು ಸೇರಿಕೊಂಡರು. ಈ ಭಾಗ ನನಗೆ ಬಹಳ ಇಷ್ಟ. 1960ರ ದಶಕ. ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ರಷ್ಯಾ, ನಡುವೆ ಶೀತಲ ಸಮರ. ಇಬ್ಬರಿಗೂ ಭಾರತದ ವಿದ್ಯಾರ್ಥಿಯ ಮೇಜಿನ ಮೇಲೆ ತಮ್ಮ ಪುಸ್ತಕ ಇರಬೇಕೆಂಬ ಆಸೆ! ಪಿ.ಎಲ್. 480 ಯೋಜನೆಯಲ್ಲಿ ನಾವು ಅಮೆರಿಕದ ಗೋಧಿ ತರಿಸಿಕೊಂಡು ರೂಪಾಯಿಯಲ್ಲಿ ಹಣ ಕಟ್ಟುತ್ತಿದ್ದೆವು. ಆ ರೂಪಾಯಿಯಲ್ಲಿ ಒಂದಷ್ಟನ್ನು ಅವರು ತಮ್ಮ ಪಠ್ಯಪುಸ್ತಕಗಳನ್ನು ಇಲ್ಲೇ ಅಗ್ಗವಾಗಿ ಮುದ್ರಿಸಲು ಬಳಸಿದರು. ಬ್ರಿಟಿಷ್ ಸರ್ಕಾರದ ನೆರವಿನಿಂದ ಇ.ಎಲ್.ಬಿ.ಎಸ್. ಪುಸ್ತಕಗಳು ಬಂದವು. ವೈದ್ಯಕೀಯ ಓದಿದವರಿಗೆ ಆ ಹೆಸರು ಮರೆಯುವುದಿಲ್ಲ. ಮಾಸ್ಕೋದ ಮಿರ್ ಪ್ರಕಾಶನದ ಪುಸ್ತಕಗಳಂತೂ ಕೈಯಲ್ಲಿದ್ದ ಚಿಲ್ಲರೆಗೆ ಬರುತ್ತಿದ್ದವು. ಇರೋಡೊವ್ ಅವರ ಭೌತಶಾಸ್ತ್ರದ ಲೆಕ್ಕಗಳ ಪುಸ್ತಕವನ್ನು ಇವತ್ತಿನ ಜೆ.ಇ.ಇ. ಮಕ್ಕಳೂ ಬಿಡಿಸುತ್ತಾರೆ. ನಮ್ಮ ಬೆಂಗಳೂರಿನಲ್ಲಿ ಸೋವಿಯತ್ ಪುಸ್ತಕ ಬೇಕೆಂದರೆ ನವಕರ್ನಾಟಕದ ಮಳಿಗೆಗೆ ಹೋಗುತ್ತಿದ್ದರು. 1963ರಲ್ಲಿ ಶುರುವಾದ ಪ್ರೆಂಟಿಸ್ ಹಾಲ್ ಆಫ್ ಇಂಡಿಯಾ ಅಮೆರಿಕದ ಪುಸ್ತಕಗಳನ್ನು ತೆಳು ಕಾಗದದ ಮೇಲೆ ಅಗ್ಗದ ಆವೃತ್ತಿಯಾಗಿ ತಂದಿತು.

ಇವೆಲ್ಲ ಶಾಶ್ವತವಾಗಿ ಉಳಿಯಲಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆಯಿತು, 1997ರಲ್ಲಿ ಇ.ಎಲ್.ಬಿ.ಎಸ್. ನಿಂತಿತು. ಅಗ್ಗದ ಭಾರತೀಯ ಆವೃತ್ತಿಗಳು ಮಾತ್ರ ಉಳಿದವು. ಮಗಳನ್ನು ಎಂ.ಎಸ್. ಮಾಡಲು ಅಮೆರಿಕಕ್ಕೆ ಕಳಿಸಿದ ಅಪ್ಪ-ಅಮ್ಮಂದಿರೆ, ಚಟ್ನಿಪುಡಿ, ಉಪ್ಪಿನಕಾಯಿಯ ಜೊತೆ ಸೂಟ್‌ಕೇಸಿನ ತಳದಲ್ಲಿ ಪುಸ್ತಕ ಹಾಕಿ ಕಳಿಸಿದ್ದು ನೆನಪಿದೆಯೆ? ಆ ಕೆಲಸ ಅಲ್ಲಿನ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಕಿರ್ಟ್‌ಸೇಂಗ್ ಎಂಬ ಥಾಯ್ಲೆಂಡಿನ ವಿದ್ಯಾರ್ಥಿ ಊರಿನಿಂದ ಅಗ್ಗದ ಆವೃತ್ತಿ ತರಿಸಿ ಅಮೆರಿಕದಲ್ಲಿ ಮಾರುತ್ತಿದ್ದ. ವೈಲಿ ಪ್ರಕಾಶನ ದಾವೆ ಹೂಡಿತು. 2013ರಲ್ಲಿ ತೀರ್ಪು ವಿದ್ಯಾರ್ಥಿಯ ಕಡೆಗಾಯಿತು. ಕಾನೂನುಬದ್ಧವಾಗಿ ಅಚ್ಚಾಗಿ ಒಮ್ಮೆ ಮಾರಾಟವಾದ ಪ್ರತಿಯನ್ನು ಕೊಂಡವನು ಮರುಮಾರಾಟ ಮಾಡಬಹುದು, ಅದು ಯಾವ ದೇಶದಲ್ಲಿ ಅಚ್ಚಾಗಿದ್ದರೂ ಸರಿ, ಅಂತ.

ಈಗ ನಮ್ಮ ಊರಿಗೆ ಬರೋಣ. ಶಿವಾಜಿನಗರದಿಂದ ಮುಠಾ ನದಿ ದಾಟಿ ಹೋದರೆ ಅಪ್ಪಾ ಬಳವಂತ ಚೌಕ. ಪೇಶ್ವೆಗಳ ಕಾಲದ ಸರದಾರ ಮೆಹೆಂದಳೆಯವರ ಹೆಸರಿನ ಜಾಗ. ಹುಡುಗರು ಎ.ಬಿ.ಸಿ. ಅನ್ನುತ್ತಾರೆ. ಹೊಸದು, ಹಳೆಯದು, ಗೈಡು, ಪ್ರಶ್ನೆಪತ್ರಿಕೆ ಎಲ್ಲ ಸಿಗುತ್ತದೆ. ಹಳೆಯ ಪುಸ್ತಕ ಕೊಟ್ಟು ಹಣ ತರಬಹುದು. ಇತ್ತ ಶಿವಾಜಿನಗರದಲ್ಲೇ, ಜೆ.ಎಂ. ರಸ್ತೆಯ ಪಕ್ಕದಲ್ಲಿ ನಿರಾಲಿ ಪ್ರಕಾಶನ ಇದೆ. ಇಂಥ ಸ್ಥಳೀಯ ಪ್ರಕಾಶಕರು ಇಲ್ಲಿನ ಅಧ್ಯಾಪಕರಿಂದಲೇ ಪುಸ್ತಕ ಬರೆಸಿ, ಪುಣೆ ವಿಶ್ವವಿದ್ಯಾಲಯದ ಸಿಲೆಬಸ್ಸಿಗೆ ಸರಿಯಾಗಿ ಕತ್ತರಿಸಿ ಕೊಡುತ್ತಾರೆ. ವಿದೇಶಿ ಲೇಖಕರ ದಪ್ಪ ಪುಸ್ತಕಕ್ಕೆ ಹೋಲಿಸಿದರೆ ಬೆಲೆ ಬಹಳ ಕಡಿಮೆ. ಗೋಖಲೆಯವರ ದಾರಿಯೇ ಅಲ್ಲವೆ ಇದು? ಒಂದು ವ್ಯತ್ಯಾಸ ಇದೆ. ಗೋಖಲೆಯವರ ಲೆಕ್ಕ ಬದಲಾಗಲಿಲ್ಲ, ಇಲ್ಲಿ ಪ್ಯಾಟರ್ನ್ ಬದಲಾಗುತ್ತದೆ.

ಎಂಜಿನಿಯರಿಂಗ್ ಮಕ್ಕಳಿರುವ ಮನೆಯವರಿಗೆ ಪ್ಯಾಟರ್ನ್ ಅಂದರೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ: ವಿಶ್ವವಿದ್ಯಾಲಯ ಪಠ್ಯಕ್ರಮವನ್ನು ಪರಿಷ್ಕರಿಸಿದ ವರ್ಷವೇ ಅದರ ಹೆಸರು. 2008ರ ಪ್ಯಾಟರ್ನ್, 2012ರದು, 2015ರದು, 2019ರದು, ಆಮೇಲೆ 2024ರದು. ನಡುವಿನ ಅಂತರ ಎಣಿಸಿ: ನಾಲ್ಕು, ಮೂರು, ನಾಲ್ಕು, ಐದು ವರ್ಷ. ಮುಖಪುಟದ ಮೇಲೆ ದೊಡ್ಡದಾಗಿ ಪ್ಯಾಟರ್ನಿನ ವರ್ಷ ಹೊಡೆದ ಪುಸ್ತಕ, ಆ ವರ್ಷ ಮುಗಿದ ಮರುದಿನದಿಂದ ರದ್ದಿ. ಒಳಗಿನ ಗಣಿತ, ಒಳಗಿನ ವಿದ್ಯುತ್ತು ಎಲ್ಲ ಹಾಗೆಯೇ ಇರುತ್ತದೆ. ಅಧ್ಯಾಯದ ಕ್ರಮ ಬದಲಾಗಿರುತ್ತದೆ, ಎರಡು ಅಧ್ಯಾಯ ಬಿಟ್ಟು ಒಂದು ಸೇರಿಸಿರುತ್ತಾರೆ. ಪಠ್ಯಕ್ರಮ ಪರಿಷ್ಕರಿಸಬಾರದು ಅಂತ ನಾನು ಹೇಳುವುದಿಲ್ಲ, ಕಾಲಕ್ಕೆ ತಕ್ಕಂತೆ ಆಗಬೇಕಾದದ್ದೇ. ಆದರೆ ಆ ಬದಲಾವಣೆಯ ಬಿಲ್ಲು ಕಟ್ಟುವವರು ಯಾರು ಎಂದು ಕೇಳಿದರೆ, ಎರಡನೇ ಕೈಯ ಪುಸ್ತಕ ನಂಬಿಕೊಂಡು ಬಂದ ಹುಡುಗ.

ಲೆಕ್ಕ ಹಾಕೋಣ, ಉದಾಹರಣೆಗೆ ಇಟ್ಟುಕೊಳ್ಳಿ. 800 ರೂಪಾಯಿಯ ಒಂದು ಮೂಲ ಪುಸ್ತಕ. ಮೊದಲನೆಯವನು ಓದಿ 400ಕ್ಕೆ ಮಾರಿದ, ಅವನಿಗೆ ಬಿದ್ದದ್ದು 400. ಎರಡನೆಯವಳು 400 ಕೊಟ್ಟು 250ಕ್ಕೆ ಮಾರಿದಳು, ಅವಳಿಗೆ 150. ಮೂರನೆಯವನು ಅದನ್ನು 150ಕ್ಕೆ ದಾಟಿಸಿದ, ಅವನಿಗೆ 100. ಇನ್ನು 250 ರೂಪಾಯಿಯ ಪ್ಯಾಟರ್ನ್ ಪುಸ್ತಕ, ಸೆಮಿಸ್ಟರ್ ಮುಗಿದ ಮೇಲೆ ಯಾರೂ ಕೇಳದಿದ್ದರೆ ಪೂರ್ತಿ 250 ಕೈಯಿಂದ ಹೋಯಿತು. ಅಗ್ಗ ಯಾವುದು? ಮೊದಲನೆಯವನಿಗೆ ಪ್ಯಾಟರ್ನ್ ಪುಸ್ತಕ, ಉಳಿದಿಬ್ಬರಿಗೆ ದುಬಾರಿ ಪುಸ್ತಕ. ಆದರೆ ಮೊದಲನೆಯವನು 800 ಕೊಟ್ಟು ಕೊಳ್ಳದಿದ್ದರೆ ಎರಡನೆಯವಳಿಗೆ ಸಿಗುವುದಾದರೂ ಎಲ್ಲಿ? ಅದಕ್ಕೇ ಆ ಮೊದಲ ಕೈ ಗ್ರಂಥಾಲಯದ್ದಾಗಬೇಕು ಅನ್ನುವುದು.

ಸರ್ಕಾರಕ್ಕೂ ಇದು ಹೊಳೆದಿತ್ತು. 1978-79ರಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ ಬುಕ್ ಬ್ಯಾಂಕ್ ಯೋಜನೆ ತಂದಿತು. ಮೊದಲು ವೈದ್ಯಕೀಯ, ಎಂಜಿನಿಯರಿಂಗ್ ಓದುವವರಿಗೆ, ಮುಂದೆ ಕೃಷಿ, ಪಶುವೈದ್ಯ, ಕಾನೂನು, ಪಾಲಿಟೆಕ್ನಿಕ್ ಮುಂತಾದವಕ್ಕೂ ಬಂತು. ಎಂಜಿನಿಯರಿಂಗ್ ಸೆಟ್ಟಿಗೆ 7,500 ರೂಪಾಯಿಯ ಮಿತಿ, ಇಬ್ಬರು ವಿದ್ಯಾರ್ಥಿಗಳಿಗೆ ಒಂದು ಸೆಟ್, ಸೆಟ್ಟಿನ ಆಯುಷ್ಯ ಮೂರು ವರ್ಷ ಎಂಬುದು ಅದರ ಲೆಕ್ಕಾಚಾರ. ವಾರಾನ್ನದ ಏಳು ಮನೆ ಸಿಗದವನಿಗೆ ಸರ್ಕಾರವೇ ಒಂದು ಮನೆಯಾಗಿ ನಿಂತ ಹಾಗೆ. ಫುಲೆಯವರ ಮನವಿಯಿಂದ ಇಲ್ಲಿಗೆ ಬರಲು ತೊಂಬತ್ತಾರು ವರ್ಷ ಹಿಡಿಯಿತು. ಅನೇಕ ಕಾಲೇಜುಗಳು ತಮ್ಮದೇ ಹಣದಲ್ಲಿ, ಎಲ್ಲ ವರ್ಗದ ಬಡ ಮಕ್ಕಳಿಗೂ ಇಂಥ ಬುಕ್ ಬ್ಯಾಂಕ್ ಇಟ್ಟುಕೊಂಡಿವೆ. ಎಷ್ಟೋ ವಿದ್ಯಾರ್ಥಿಗಳಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ನೋಟಿಸು ಬೋರ್ಡಿನಲ್ಲಿ ಒಂದು ವಾರ ಇದ್ದು ಹೋಗುತ್ತದೆ.

ನಾನು ಕನ್ನಡ ಬಿ.ಎ. ಓದಿದವಳು, ನಮ್ಮದು ಅಗ್ಗದ ಓದು. ಕುವೆಂಪು ಕುಲಪತಿಯಾಗಿದ್ದಾಗ, 1956ರಿಂದ 60ರವರೆಗೆ, ಮೈಸೂರು ವಿಶ್ವವಿದ್ಯಾಲಯದಲ್ಲಿ ಗಟ್ಟಿ ಮಾಡಿದ ಪ್ರಸಾರಾಂಗದ ಪರಂಪರೆ ನಮ್ಮನ್ನು ಕಾಪಾಡಿತು. ಪ್ರಸಾರಾಂಗದ ಪುಸ್ತಕಗಳ ಬೆಲೆ ಹೋಟೆಲಿನ ಊಟದ ಹತ್ತಿರ ಇರುತ್ತಿತ್ತು. ಹಳಗನ್ನಡದ ಪುಸ್ತಕವನ್ನಂತೂ ನಾವು ಹಳೆಯದೇ ಹುಡುಕುತ್ತಿದ್ದೆವು, ಹಿಂದಿನವರು ಸಾಲಿನ ಮೇಲೆ ಪೆನ್ಸಿಲ್ಲಿನಲ್ಲಿ ಅರ್ಥ ಬರೆದಿರುತ್ತಿದ್ದರಲ್ಲ! ಪಂಪ ಸಾವಿರ ವರ್ಷದಿಂದ ಪ್ಯಾಟರ್ನ್ ಬದಲಿಸಿಲ್ಲ.

ಜೆರಾಕ್ಸ್ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿ ರಾಮೇಶ್ವರಿ ಫೋಟೋಕಾಪಿ ಅನ್ನುವ ಪುಟ್ಟ ಅಂಗಡಿ. ಅಧ್ಯಾಪಕರು ಹೇಳಿದ ಅಧ್ಯಾಯಗಳನ್ನು ಬೇರೆ ಬೇರೆ ಪುಸ್ತಕಗಳಿಂದ ನಕಲು ತೆಗೆದು, ಹೊಲಿದು ಮಾರುತ್ತಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಆಂಡ್ ಫ್ರಾನ್ಸಿಸ್ ಪ್ರಕಾಶನಗಳು ಸೇರಿ ಆ ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ಮೊಕದ್ದಮೆ ಹಾಕಿದವು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಮೊಕದ್ದಮೆಯನ್ನು ವಜಾ ಮಾಡಿತು. ಡಿಸೆಂಬರಿನಲ್ಲಿ ವಿಭಾಗೀಯ ಪೀಠ ಕೆಲವು ಅಂಶಗಳ ವಿಚಾರಣೆ ಬಾಕಿ ಇರಿಸಿದರೂ, ಪಾಠಕ್ಕೆ ಬೇಕಾದಷ್ಟನ್ನು ನಕಲು ಮಾಡಬಹುದೆಂಬ ತತ್ವವನ್ನು ಎತ್ತಿಹಿಡಿಯಿತು. 2017ರಲ್ಲಿ ಪ್ರಕಾಶಕರೇ ದಾವೆಯನ್ನು ಹಿಂತೆಗೆದುಕೊಂಡರು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಬೋಧನೆಗೆಂದು ಇರುವ ವಿನಾಯಿತಿ ಇದರ ಬುಡ. ಹಾಗಂತ ಅಂಗಡಿಯವನು ಇಡೀ ಪುಸ್ತಕ ನಕಲು ಮಾಡಿ ರಾಶಿ ಹಾಕಿ ಮಾರಿದರೆ ಆ ತೀರ್ಪು ಕಾಪಾಡುತ್ತದೆ ಅಂದುಕೊಳ್ಳಬೇಡಿ. ಗುರುಗಳು ಪಾಠಕ್ಕೆ ಹೇಳಿದ್ದು, ಪಾಠಕ್ಕೆ ಬೇಕಾದಷ್ಟು, ಅದಕ್ಕೆ ಮಾತ್ರ.

ಕಾನೂನು ಓದುವ ಮಕ್ಕಳಿಗೆ ಒಂದು ಎಚ್ಚರಿಕೆ. 1860ರ ಭಾರತೀಯ ದಂಡ ಸಂಹಿತೆಯ ಮೇಲೆ ರತನ್‌ಲಾಲ್-ಧೀರಜ್‌ಲಾಲ್ ಬರೆದ ವ್ಯಾಖ್ಯಾನದಂಥ ಪುಸ್ತಕ ಅಪ್ಪನಿಂದ ಮಗನಿಗೆ ಬರುತ್ತಿತ್ತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಕಲಮುಗಳ ಸಂಖ್ಯೆಯೆಲ್ಲ ಬದಲಾಯಿತು. ಹಳೆಯದು ಅಗ್ಗಕ್ಕೆ ಸಿಗುತ್ತದೆಂದು ಹೊತ್ತು ತರುವ ಮೊದಲು ಅದು ಯಾವ ಸಂಹಿತೆಯದೆಂದು ನೋಡಿ. ಹಳೆಯ ಪ್ರಕರಣಗಳು ಇನ್ನೂ ಹಳೆಯ ಕಾಯ್ದೆಯಲ್ಲೇ ನಡೆಯುವುದರಿಂದ ಅದಕ್ಕೂ ಕೆಲಸ ಇದೆ, ಪರೀಕ್ಷೆಗೆ ಮಾತ್ರ ಸಾಲದು.

ಉಳಿದವರು ಎ.ಬಿ.ಸಿ.ಗೆ ಹೊರಡುವ ಮೊದಲು ಪ್ಯಾಟರ್ನಿನ ವರ್ಷವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಗಣಿತ, ಭೌತಶಾಸ್ತ್ರ, ಅರ್ಥಶಾಸ್ತ್ರದ ಮೂಲ ಪುಸ್ತಕ ಹಳೆಯದಾದರೂ ಧೈರ್ಯವಾಗಿ ಕೊಳ್ಳಿ, ತೆರಿಗೆ, ಕಂಪನಿ ಕಾನೂನಿನದು ಬೇಡ. ಕಾಲೇಜು ತೆರೆದ ಮೊದಲ ವಾರವೇ ಗ್ರಂಥಾಲಯದ ಕೌಂಟರಿಗೆ ಹೋಗಿ ಬುಕ್ ಬ್ಯಾಂಕ್ ಅರ್ಜಿ ಎಂದು ಕೊಡುತ್ತೀರಿ ಅಂತ ಕೇಳಿ. ಸೆಟ್ಟು ಇಬ್ಬರಿಗೆ ಒಂದೇ ಆದ್ದರಿಂದ ಜೊತೆಗಾರ ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ, ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಯಾರ ಕೋಣೆಯಲ್ಲಿ ಇರಬೇಕು ಅನ್ನುವುದನ್ನೂ.